ಬಾಯಿ ಕೂಡದ ಉಂಗುರ

೧

ಈ ಕಥೆಯನ್ನು ಚಿನ್ನದಿಂದ ಶುರು ಮಾಡಲೋ ಹಂದಿಯಿಂದಲೋ ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಚಿನ್ನದಿಂದ ಶುರುವಾದರೆ ನೀವು ಕಳ್ಳತನದ ಕಥೆ ಎಂದುಕೊಳ್ಳುತ್ತೀರಿ, ಕೊನೆಗೆ ಪೊಲೀಸರು ಬರಲೇ ಇಲ್ಲವಲ್ಲ ಎಂದು ನನ್ನನ್ನೇ ಬೈಯುತ್ತೀರಿ. ಹಂದಿಯಿಂದ ಶುರುವಾದರೆ ಮೂಗು ಮುಚ್ಚಿಕೊಂಡು ಪುಟ ತಿರುಗಿಸುತ್ತೀರಿ. ನಾನಂತೂ ಕೈರೋದ ಮುಕತ್ತಮ್ ಗುಡ್ಡದ ಬುಡದಲ್ಲಿರುವ ಕಸ ಆಯುವವರ ಕೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗಿದ್ದೇನೆ. ನನ್ನ ಮೂಗು ಯಾವತ್ತೋ ರಾಜಿಯಾಗಿದೆ.

(ಮೊದಲ ಡ್ರಾಫ್ಟ್: ‘ಇಡೀ ನಗರದ ಕಸ ಬೆಳಗಿನ ಆರು ಗಂಟೆಗೆ ಗುಡ್ಡ ಹತ್ತುತ್ತದೆ.’ ಕೇಳಲು ಚೆನ್ನಾಗಿದೆ. ಆದರೆ ಸಾಕ್ಷ್ಯಚಿತ್ರದವರು ಹೇಳಿ ಹೇಳಿ ಸವೆಸಿಬಿಟ್ಟಿದ್ದಾರೆ. ಹೊಡೆದುಹಾಕಿದೆ.)

ಕೆಳಗಿನ ಮನೆಯ ಬಖೂಮ್‌ನನ್ನೇ ಕೇಳಿದೆ. ನಲವತ್ತು ದಾಟಿದವನು, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಸತ್ತ ಕಂಪ್ಯೂಟರುಗಳ ಹೊಟ್ಟೆ ಬಗೆದು ಚಿನ್ನ ತೆಗೆಯುವುದು ಅವನ ಕಸುಬು.

“ನನ್ನಿಂದ ಶುರು ಮಾಡ್ಬೇಡಿ ಉಸ್ತಾದ್,” ಅಂದ; ಬರೆಯುವವನಾದ್ದರಿಂದ ಇಲ್ಲಿ ಎಲ್ಲರಿಗೂ ನಾನು ಮೇಷ್ಟ್ರು. “ಯುಸ್ತೀನಾಳಿಂದ ಮಾಡಿ. ಪಿನ್ ಕಿತ್ತಿದ್ದೆಲ್ಲ ಅವಳು. ನಾನು ಆಸಿಡ್ ಸುರಿಯೋನು, ಅಷ್ಟೆ.”

೨

ಸರಿ, ಯುಸ್ತೀನಾ. ವಯಸ್ಸು ಮೂವತ್ತೊಂದು. ಬಖೂಮ್‌ನ ಮನೆಯ ಕೆಳಗಿನ ಶೆಡ್ಡಿನಲ್ಲಿ ಕೂತು, ಹಳೇ ಬೋರ್ಡುಗಳಿಂದ ಚಿನ್ನದ ಲೇಪವಿರುವ ಪಿನ್ನುಗಳನ್ನು ಇಕ್ಕಳದಲ್ಲಿ ಕೀಳುತ್ತಾಳೆ. ಅವನು ಮದುವೆಯ ಮಾತೆತ್ತಿದಾಗ ಅವಳು ಯೋಚಿಸಲೂ ಇಲ್ಲ, ಹೂಂ ಅಂದಳು. ಜತೆಗೆ ಒಂದು ಷರತ್ತನ್ನೂ ಹಾಕಿದಳು.

“ಅಂಗಡಿ ಉಂಗುರ ನಂಗೆ ಬೇಡ. ಆರು ವರ್ಷದಿಂದ ಯಾರ್ಯಾರದೋ ಬೆರಳಿಗೆ ಚಿನ್ನ ಕಿತ್ತು ಕೊಡ್ತಿದೀನಿ. ನಾನು ಕಿತ್ತಿದ್ದೇ ನನ್ನ ಬೆರಳಿಗೆ ಬರ್ಲಿ.”

ಇಲ್ಲಿ ನಿಶ್ಚಿತಾರ್ಥದ ದಿನ ಗಂಡು ಹೆಣ್ಣಿಗೆ ಚಿನ್ನ ಹಾಕಲೇಬೇಕು. ಉಪವಾಸದ ದಿನಗಳಲ್ಲಿ ಶುಭಕಾರ್ಯ ನಡೆಯುವುದಿಲ್ಲ, ಮತ್ತು ಈ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಉಪವಾಸದಲ್ಲೇ ಇರುತ್ತಾರೆ. ಆಗಸ್ಟಿನ ಮಾತೆ ಮರಿಯಳ ಉಪವಾಸಕ್ಕೆ ಮುಂಚೆ ಅಂದಿದ್ದ ಬಖೂಮ್, ಪಿನ್ನು ಸಾಲಲಿಲ್ಲ. ಕ್ರಿಸ್‌ಮಸ್ ಉಪವಾಸಕ್ಕೆ ಮುಂಚೆ ಅಂದ, ಆಗಲೂ ಸಾಲಲಿಲ್ಲ. ಈಗ ಸೋಮವಾರದಿಂದ ಐವತ್ತೈದು ದಿನಗಳ ದೊಡ್ಡ ಉಪವಾಸ. ಯುಸ್ತೀನಾಳ ತಾಯಿ, ಹಿರಿಮಗನ ಹೆಸರಿಂದ ಎಲ್ಲರೂ ಉಮ್ ಲೂಕಾ, ಅಂದರೆ ಲೂಕಾನ ಅಮ್ಮ, ಎಂದು ಕರೆಯುವ ಹೆಂಗಸು, ಬಾಗಿಲಲ್ಲೇ ನಿಂತು ಹೇಳಿದಳು:

“ಭಾನುವಾರ ನನ್ನ ಮಗಳ ಬೆರಳಲ್ಲಿ ಚಿನ್ನ ಇರ್ಬೇಕು. ಇಲ್ಲಾಂದ್ರೆ ಮಾತು ಮುರೀತು ಅಂತ ತಿಳ್ಕೊ, ಅವಳು ಕೆಲಸಕ್ಕೂ ಬರಲ್ಲ. ಮೂರನೇ ಸಲ ಜನರ ಮುಂದೆ ತಲೆ ತಗ್ಗಿಸೋಕೆ ನನ್ನಿಂದಾಗಲ್ಲ.”

(ಯುಸ್ತೀನಾಳ ಕಣ್ಣಲ್ಲಿ ನೀರು ತುಂಬಿತು ಎಂದು ಬರೆದಿದ್ದೆ. ಅವಳು ಓದಿ, ಆವತ್ತು ಕಣ್ಣಿಗೆ ಧೂಳು ಕೂಡ ಬಿದ್ದಿರಲಿಲ್ಲ ಅಂದಳು. ಹೊಡೆದುಹಾಕಿದೆ.)

೩

ಶುಕ್ರವಾರ. ಬಖೂಮ್ ತಾರಸಿಯ ಮೇಲೆ ಮುಖಕ್ಕೆ ಮುಸುಕು ಕಟ್ಟಿಕೊಂಡು ಕೆಲಸ ಮುಗಿಸಿದ. ಎರಡು ವರ್ಷ ಎತ್ತಿಟ್ಟಿದ್ದ ಒಂದು ತುಪ್ಪದ ಡಬ್ಬಿ ಪಿನ್ನು ಆಸಿಡ್ಡಿನಲ್ಲಿ ಕರಗಿ, ಸೋಸಿ, ಹತ್ತಾರು ಸಲ ತೊಳೆದು, ಒಂದು ಗಾಜಿನ ಲೋಟದ ತಳಕ್ಕೆ ಇಳಿದಿತ್ತು. ಕರಗಿಸಿ ಗಟ್ಟಿ ಮಾಡುವ ತನಕ ಈ ಚಿನ್ನ ಹೊಳೆಯುವುದಿಲ್ಲ ಎಂಬುದು ನಿಮಗೆ ಗೊತ್ತಿರಲಿ. ಕಂದು ಬಣ್ಣದ ಪುಡಿ, ಥೇಟ್ ಕಾಫಿ ಚರಟ.

ಮೇಲೆ ಧೂಳುಗಾಳಿ ಎದ್ದಿತು. ಅವನು ಲೋಟವನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಕರಗಿಸುವುದಕ್ಕೆ ಗ್ಯಾಸ್ ಸಿಲಿಂಡರ್ ತರಲು ಹೋದ.

(ಏನಾಗುತ್ತದೆ ಎಂದು ನಿಮಗೆ ಆಗಲೇ ತಿಳಿದುಹೋಯಿತು. ನನಗೂ ತಿಳಿದಿತ್ತು. ಬಖೂಮ್‌ಗೆ ಮಾತ್ರ ತಿಳಿದಿರಲಿಲ್ಲ, ನಾವಿಬ್ಬರೂ ಹೇಳಲಿಲ್ಲ.)

ಉಪವಾಸಕ್ಕೆ ಮುಂಚೆ ಮಾಂಸ ಮುಗಿಸಬೇಕಲ್ಲ ಎಂದು ಉಮ್ ಲೂಕಾ ಖೀಮಾ ತುಂಬಿದ ಕೋಸಿನೆಲೆ ಸುರುಳಿಗಳನ್ನು ಪಾತ್ರೆ ತುಂಬ ತಂದಳು. ಬೈಯುವುದು ಬೇರೆ, ಉಣಿಸುವುದು ಬೇರೆ. ಅಡುಗೆಮನೆಯ ಅವತಾರ ನೋಡಿ ತೋಳು ಮೇಲೇರಿಸಿ ಪಾತ್ರೆ ತೊಳೆಯಲು ನಿಂತಳು.

ಬೇರೆ ಯಾರಾದರೂ ಆಗಿದ್ದರೆ ಲೋಟವನ್ನು ನಲ್ಲಿಗೆ ಹಿಡಿದು ತೊಳೆದುಬಿಡುತ್ತಿದ್ದರು; ಚಿನ್ನ ಚರಂಡಿ ಸೇರುತ್ತಿತ್ತು, ಕಥೆಯೂ ಸೇರುತ್ತಿತ್ತು. ಆದರೆ ಉಮ್ ಲೂಕಾಳದು ನಾಲ್ಕು ತಲೆಮಾರಿನಿಂದ ಕಸ ವಿಂಗಡಿಸುವ ಮನೆತನ. ಅವಳ ಕೈಗೆ ಯಾವುದನ್ನೂ ಸುಮ್ಮನೆ ಎಸೆದು ಅಭ್ಯಾಸವಿಲ್ಲ. ನೀರನ್ನು ಮೆಲ್ಲಗೆ ಬಸಿದು ಚರಂಡಿಗೆ ಬಿಟ್ಟಳು; ಚರಟವನ್ನು, ಲೋಟದ ತಳಕ್ಕೆ ಎರಡೇಟು ತಟ್ಟಿ, ಹಂದಿಗೆಂದು ಎಂಜಲು ಕೂಡಿಸುವ ಬಕೆಟ್ಟಿಗೆ ಹಾಕಿದಳು.

೪

“ಖಾಲ್ತೀ, ಇಲ್ಲೊಂದು ಲೋಟ ಇತ್ತಲ್ಲ?” ಸಿಲಿಂಡರ್ ಹೊತ್ತು ಬಂದ ಬಖೂಮ್ ಕೇಳಿದ. ಅವಳನ್ನು ಅವನು ಚಿಕ್ಕಮ್ಮ ಎಂದೇ ಕರೆಯುವುದು.

“ಕಾಫಿ ಲೋಟನಾ? ತೊಳೆದಿಟ್ಟೆ. ಎಷ್ಟು ದಿನದ್ದಪ್ಪಾ ಅದು, ತಳಕ್ಕೆ ಕಚ್ಕೊಂಡಿತ್ತು! ನನ್ನ ಮಗಳು ಬಂದ್ಮೇಲಾದ್ರೂ ಇದು ಮನೆ ಥರ ಆಗುತ್ತೇನೋ.”

ಬಖೂಮ್ ಸಿಲಿಂಡರ್ ಇಳಿಸಿ ಅದರ ಮೇಲೆಯೇ ಕೂತ. “ಅದರಲ್ಲಿ ನಿಮ್ಮ ಮಗಳ ಉಂಗುರ ಇತ್ತು.”

ಇಲ್ಲಿ ನಾನು ಎರಡು ಮುಕ್ತಾಯಗಳನ್ನು ಯೋಚಿಸಿಟ್ಟಿದ್ದೆ.

ಮುಕ್ತಾಯ ಅ: ಉಮ್ ಲೂಕಾಳಿಗೆ ಈ ಅಳಿಯ ಇಷ್ಟವಿರಲಿಲ್ಲ, ಬೇಕೆಂದೇ ಚೆಲ್ಲಿದಳು. ಈ ವಾಕ್ಯವನ್ನು ಟೈಪ್ ಮಾಡಿ ಮುಗಿಸುವ ಮುಂಚೆ ಅವಳು ನನ್ನ ಮೆಟ್ಟಿಲು ಹತ್ತಿ ಬಂದಳು.

“ಏನಪ್ಪಾ ಉಸ್ತಾದ್, ಬೇಕಂತ ಚೆಲ್ಲಿದೆ ಅಂತ ಬರೀತೀಯಾ? ನನ್ನ ಕೋಸಿನ ಸುರುಳಿ ಎಂಟು ತಿಂದ ಬಾಯಿ ನಿಂದು!”

“ಕಥೆಗೆ ಒಬ್ಬ ಖಳ ಬೇಕಲ್ಲ ತಾಯೀ.”

“ಬೇಕಿದ್ರೆ ನೀನೇ ಆಗು. ನಿಂಗೇನು ಬೇರೆ ಕೆಲಸ ಇದೆ?”

ಮುಕ್ತಾಯ ಆ: ಬಕೆಟ್ಟಿನಲ್ಲಿದ್ದದ್ದನ್ನು ಹಂದಿ ತಿಂದುಬಿಟ್ಟಿತು. ಇದನ್ನು ಬಖೂಮ್ ಒಪ್ಪಲಿಲ್ಲ. “ಹಂದಿಗೆ ಹಾಕೋದು ಐದಕ್ಕೆ. ಆಗಿನ್ನೂ ಮೂರು ಗಂಟೆ. ಪಾಪದ ಪ್ರಾಣಿ ಮೇಲೆ ಯಾಕೆ ಸುಮ್ನೆ ಹಾಕ್ತೀರಿ?”

ನನ್ನ ದುರಂತ ಕಥೆಗೆ ಇಲ್ಲಿ ಯಾರ ಬೆಂಬಲವೂ ಇಲ್ಲ. ಎರಡನ್ನೂ ಹೊಡೆದುಹಾಕಿದೆ.

೫

ಬಕೆಟ್ಟಿನಲ್ಲಿ ಏನಿತ್ತೆಂದರೆ: ಕಿತ್ತಳೆ ಸಿಪ್ಪೆ, ಬೂಷ್ಟು ಹಿಡಿದ ರೊಟ್ಟಿ, ಬೇಯಿಸಿದ ಅವರೆಯ ಹೊಟ್ಟು, ಮತ್ತು ಸುತ್ತಲಿನ ನಾಲ್ಕು ಮನೆಗಳ ನಿಜವಾದ ಕಾಫಿ ಚರಟ. ಅದೂ ಕಂದು, ಇದೂ ಕಂದು.

ಗಲಾಟೆ ಕೇಳಿ ಯುಸ್ತೀನಾ ಶೆಡ್ಡಿನಿಂದ ಮೇಲೆ ಬಂದಳು. ತಾಯಿಯನ್ನು ನೋಡಿದಳು, ಬಕೆಟ್ಟನ್ನು ನೋಡಿದಳು. “ಚಿನ್ನ ಭಾರ, ಕಾಫಿ ಹಗುರ,” ಅಂದಳು. “ಬೋಗುಣಿ ತನ್ನಿ. ಅಳೋರು ಆಮೇಲೆ ಅಳಿ.”

ಬೋಗುಣಿಗೆ ಕೈಹಾಕಹೋದ ಮಗಳನ್ನು ಉಮ್ ಲೂಕಾ ಪಕ್ಕಕ್ಕೆ ತಳ್ಳಿದಳು. “ಸರಿ ಆಚೆ. ನಿಂದು ಇಕ್ಕಳ ಹಿಡಿಯೋ ಕೈ. ಇದಕ್ಕೆ ತೊಳೆಯೋ ಕೈ ಬೇಕು.”

ತಾರಸಿಯ ಮೇಲೆ ಬಿಸಿಲಲ್ಲಿ ಕೂತು ಅವಳು ಬೋಗುಣಿ ಆಡಿಸಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಆಡಿಸುವ ಹಾಗೆ. ತೇಲಿದ್ದನ್ನು ಇನ್ನೊಂದು ಪಾತ್ರೆಗೆ ಬಸಿಯುವುದು, ಮತ್ತೆ ನೀರು, ಮತ್ತೆ ಆಡಿಸುವುದು. ಬಸಿದದ್ದನ್ನು ಕೂಡ ನಂಬದೆ ಮತ್ತೆ ತೊಳೆದಳು. ಮೊಣಕೈ ತನಕ ಕೊಳೆ, ಬಾಯಲ್ಲಿ ಸಂತರ ಹೆಸರುಗಳು, ನಡುನಡುವೆ ಬಖೂಮ್‌ಗೆ ಬೈಗುಳ. ಎರಡೂವರೆ ಗಂಟೆಯಾದ ಮೇಲೆ ಬೋಗುಣಿಯ ಅಂಚಲ್ಲಿ ಹುಬ್ಬಿನಷ್ಟು ಉದ್ದದ ಒಂದು ಕಂದು ಗೆರೆ ನಿಂತಿತು, ಎಷ್ಟು ಆಡಿಸಿದರೂ ಅಲುಗಲಿಲ್ಲ. ನನಗೆ ಆ ಹೆಂಗಸಿನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅವಳನ್ನು ಖಳನಾಯಕಿ ಮಾಡಹೊರಟ ನನ್ನ ಕೈಗೇ ಹೊಡೆದುಕೊಳ್ಳಬೇಕು ಅನಿಸಿತು.

ಬಖೂಮ್ ಕರಗಿಸಿದ. ಮಸೂರ ಬೇಳೆಯಷ್ಟು ದಪ್ಪದ ಹಳದಿ ಮಣಿ ಬಂತು. ಇರಬೇಕಾದದ್ದಕ್ಕಿಂತ ಕಡಿಮೆಯೇ.

೬

ಶನಿವಾರ ಅಕ್ಕಸಾಲಿಗ ಅದನ್ನು ತಂತಿ ಎಳೆದು ಬಾಗಿಸಿದ. ಎರಡು ತುದಿ ಕೂಡಲಿಲ್ಲ, ನಡುವೆ ಒಂದು ಗೋಧಿ ಕಾಳು ಹಿಡಿಸುವಷ್ಟು ಸಂದು. “ನನ್ನ ಹತ್ರ ಇರೋ ಚೂರು ಸೇರಿಸಿ ಬೆಸೀಲಾ?” ಎಂದು ಕೇಳಿದ. ಬಖೂಮ್ ಫೋನ್ ಮಾಡಿದ.

“ಬೇರೆ ಚಿನ್ನ ಒಂದು ತುಣುಕೂ ಬೇಡ,” ಅಂದಳು ಯುಸ್ತೀನಾ. “ಹಾಗೇ ತನ್ನಿ. ಅಮ್ಮ ಏನಂತಾಳೋ, ಅದನ್ನ ದೇವರು ನೋಡ್ಕೋತಾನೆ.”

(ವಿಮರ್ಶಕರು ಇದು ಮುಕ್ತ ಅಂತ್ಯದ ರೂಪಕ ಎಂದು ಬರೆಯಲು ಪೆನ್ನು ತೆಗೆದಿರಬಹುದು. ಬಖೂಮ್ ಹೇಳಿದ್ದನ್ನು ಬರೆದುಕೊಳ್ಳಿ: ಚಿನ್ನ ಸಾಲಲಿಲ್ಲ.)

ಭಾನುವಾರ ಪೂಜೆ ಮುಗಿದ ಮೇಲೆ ಅವನು ಅವಳ ಬಲಗೈ ಬೆರಳಿಗೆ ಉಂಗುರ ತೊಡಿಸಿದ. ಉಮ್ ಲೂಕಾ ಮಗಳ ಕೈಯನ್ನು ಬೆಳಕಿಗೆ ಎತ್ತಿ ಹಿಡಿದಳು. ಪಕ್ಕದ ಮನೆಯ ಹೆಂಗಸೊಬ್ಬಳು ಬಗ್ಗಿ ನೋಡಿ, “ಇದೇನ್ರೇ, ಉಂಗುರ ಅರ್ಧಕ್ಕೇ ನಿಂತಿದೆ?” ಅಂದಳು.

“ಅರ್ಧ ಅಲ್ಲ ಕಣೇ,” ಅಂದಳು ಉಮ್ ಲೂಕಾ. “ಮಿಕ್ಕಿದ್ದು ನನ್ನ ಉಗುರಲ್ಲಿದೆ.”

ಆಮೇಲೆ ನಾಲಿಗೆ ಹೊರಳಿಸಿ ಸಂತೋಷದ ಕೇಕೆ ಹಾಕಿದಳು. ಬೇರೆ ಹೆಂಗಸರೆಲ್ಲ ಅವಳ ಹಿಂದೆ.

೭

ಬುದ್ಧಿಯಿರುವ ಲೇಖಕ ಇಲ್ಲಿಗೆ ನಿಲ್ಲಿಸುತ್ತಿದ್ದ. ನಾನೂ ನಿಲ್ಲಿಸುವವನೇ. ಆದರೆ ಇವತ್ತು ಸೋಮವಾರ ಬೆಳಿಗ್ಗೆ ಯುಸ್ತೀನಾ ಎರಡು ಲೋಟ ಕಪ್ಪು ಟೀ ಹಿಡಿದು ಮೇಲೆ ಬಂದಳು. ಲಂಗದ ಜೇಬಿನಲ್ಲಿ ಸ್ಕ್ರೂಡ್ರೈವರ್.

“ಕಥೆ ಮುಗೀತಾ ಉಸ್ತಾದ್?”

“ಇನ್ನೊಂದು ಪ್ಯಾರಾ ಇದೆ.”

ನಾನು ಟೈಪ್ ಮಾಡುತ್ತಿದ್ದ ಕಂಪ್ಯೂಟರಿನ ಸುತ್ತ ಒಂದು ಸುತ್ತು ಬಂದಳು. “ಯಾವ ಕಾಲದ್ದು ಇದು? ಹಳೇದರಲ್ಲೇ ಚಿನ್ನ ಜಾಸ್ತಿ. ಈಗಿನೋರು ಜಿಪುಣರು.” ಉಂಗುರದ ಸಂದನ್ನು ಉಗುರಿಂದ ಅಳೆದು ತೋರಿಸಿದಳು. “ಇಷ್ಟೇ ಬೇಕಾಗಿರೋದು. ಕೀಳೋಳು ನಾನೇ ಅಲ್ವಾ, ಷರತ್ತು ಮುರಿಯಲ್ಲ.”

“ಇದರಲ್ಲಿ ನನ್ನ ಹನ್ನೊಂದು ವರ್ಷದ ಕಥೆಗಳಿವೆ ಕಣಮ್ಮ.”

“ಮುಗಿಸಿರೋದು ಎಷ್ಟು?”

ನಾನು ಟೀ ಕುಡಿದೆ.

“ಅವಸರ ಏನಿಲ್ಲ, ಮದುವೆ ಏನಿದ್ರೂ ಉಪವಾಸ ಮುಗಿದ ಮೇಲೆ, ಐವತ್ತೈದು ದಿನ ಇದೆ,” ಎಂದು ಸ್ಟೂಲು ಎಳೆದು ಕೂತಳು. “ನೀವು ಮುಗಿಸಿ, ನಾನು ಕಾಯ್ತೀನಿ.”

ಹಾಗಾಗಿ, ಓದುಗರೇ, ಬರೆಯುತ್ತಲೇ ಇದ್ದೇನೆ. ಅವಳು ಟೀ ಮುಗಿಸಿದಳು. ಕೆಳಗಿಂದ ಬಖೂಮ್ ಕೂಗಿದ, ಅವಳು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು. ಈಗ ಕಂಪ್ಯೂಟರಿನ ಹಿಂದಕ್ಕೆ ಹೋಗಿ ಮೊದಲನೇ ಸ್ಕ್ರೂ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ನಾನು ಬೇಡ ಅನ್ನಲಿಲ್ಲ. ಇನ್ನೂ ಮೂರು ಸ್ಕ್ರೂ ಇವೆ, ಒಂದಕ್ಕೆ ತುಕ್ಕು ಹಿಡಿದಿದೆ, ಹಾಗಾಗಿ ಇನ್ನೊಂದೆರಡು ವಾಕ್ಯಕ್ಕೆ ಪುರುಸೊತ್ತಿದೆ.