ಆಲಿವ್ ಗಿಡಕ್ಕೆ ದಿನಕ್ಕೊಂದು ಚೊಂಬು

ಜಪಾನಿನ ಕಾಶಿವಾ ಊರಿನ ನಮ್ಮ ಬಾಲ್ಕನಿಯ ಆಲಿವ್ ಗಿಡದಲ್ಲಿ ಒಬ್ಬಳು ವಾಸವಾಗಿದ್ದಾಳೆ. ಗ್ರೀಕರ ಪುರಾಣದಲ್ಲಿ ಮರಕ್ಕೊಬ್ಬಳು ವನಕನ್ಯೆ. ಮರ ಸತ್ತರೆ ಅವಳೂ ಸಾಯುತ್ತಾಳೆ. ಸಸ್ಯಗಳ ಬೇರಿನ ಮೇಲೆ ಸಂಶೋಧನೆ ಮಾಡುವ ನಾನು ಇದನ್ನು ನಂಬುವುದಿಲ್ಲ. ಅದರಿಂದ ಅವಳಿಗೇನೂ ತೊಂದರೆಯಾದಂತಿಲ್ಲ. ಮೇ ತಿಂಗಳಿನಿಂದ ನನ್ನೊಡನೆ ಮಾತಾಡುತ್ತಿದ್ದಾಳೆ, ಅದೂ ನನ್ನ ಅತ್ತೆಯಿಂದ ಕಲಿತ ಮೈಸೂರು ಕನ್ನಡದಲ್ಲಿ.

ಅತ್ತೆ ಭಾನುಮತಿ ಏಪ್ರಿಲ್ ಕೊನೆಗೆ ಮೂರು ತಿಂಗಳ ಮಟ್ಟಿಗೆ ಬಂದರು. ತುಳಸಿ ಇಲ್ಲವೆಂದು ಮರುದಿನವೇ ಆಲಿವ್‌ಗೆ ಅರಿಶಿನ ಕುಂಕುಮ ಇಟ್ಟು, ಒಂದು ಚೊಂಬು ನೀರು ಹೊಯ್ದು, ಜಾಗ ಸಾಲದ್ದರಿಂದ ನಿಂತಲ್ಲೇ ಮೂರು ಸುತ್ತು ತಿರುಗಿದರು. ಆಮೇಲೆ ಒಂದು ದಿನವೂ ತಪ್ಪಿಲ್ಲ. ಆಲಿವ್ ಒಣನೆಲದ ಗಿಡ, ದಿನಾ ನೀರು ಬಿದ್ದರೆ ಬೇರು ಕೊಳೆಯುತ್ತದೆ ಎಂದು ತಿಳಿಸಿ ಹೇಳಿದೆ. ಅವರು ಒಪ್ಪಿ, ಚೊಂಬಿನ ಬದಲು ಲೋಟ ತಂದರು. ಎರಡು ಲೋಟ.

ಜೂನ್‌ನಲ್ಲಿ ಎಲೆ ಹಳದಿಯಾಗಿ ಉದುರತೊಡಗಿತು. ಕುಂಡದ ಹಿಂದೆ ಅವಳು ಮೊಣಕಾಲು ತಬ್ಬಿ ಕೂತಿದ್ದಳು. ಪಾದ ಕಪ್ಪಾಗಿತ್ತು, ಉಸಿರಿನಲ್ಲಿ ಗೊರಗೊರ ಸದ್ದು. ನೀನು ಇನ್ನೆರಡು ವಾರವೂ ಉಳಿಯಲಾರೆ, ಅತ್ತೆಯ ಕನಸಿಗೆ ಹೋಗಿ ನೀನೇ ನೀರು ಬೇಡವೆಂದು ಹೇಳು ಎಂದೆ.

"ಹೇಳಲ್ಲ ಕಣೇ. ನಮ್ಮೋರಿಗೆ ಯಾರಾದ್ರೂ ಕೈ ಮುಗ್ದು ಎರಡು ಸಾವಿರ ವರ್ಷ ಆಯ್ತು."

"ಸತ್ತೋಗ್ತೀಯ."

"ಹಣೇಲಿ ಕುಂಕುಮ ಇಟ್ಕೊಂಡು ಹೋಗ್ತೀನಲ್ಲ."

ಇಂಥವಳೊಡನೆ ಏನು ವಾದ! ಶನಿವಾರ ಅತ್ತೆ ಗ್ಯೋಟೋಕು ಎಂಬ ಊರಿನ ಗೆಳತಿಯ ಮನೆಗೆ ಸಹಸ್ರನಾಮಕ್ಕೆ ಹೋದಾಗ ಗಿಡವನ್ನು ಕಿತ್ತೆ. ಕೊಳೆತ ಬೇರನ್ನು ಕತ್ತರಿಸುವಷ್ಟು ಹೊತ್ತೂ ಅವಳು, ಅತ್ತೆ ಫೋನಿನಲ್ಲಿ ನನ್ನ ಬಗ್ಗೆ ಆಡಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು. ಕುಂಡದ ತಳಕ್ಕೆ ಇನ್ನೂ ನಾಲ್ಕು ತೂತು ಕೊರೆದು, ಮಣ್ಣಿಗೆ ಬದಲು ಹಗುರವಾದ ಜ್ವಾಲಾಮುಖಿ ಕಲ್ಲಿನ ಚೂರು ತುಂಬಿದೆ. ಅಳೆದು ನೋಡಿದೆ: ಒಂದು ಚೊಂಬು ನೀರು ಹನ್ನೊಂದು ಸೆಕೆಂಡಿನಲ್ಲಿ ಹರಿದುಹೋಗುತ್ತದೆ.

ಜುಲೈನಲ್ಲಿ ಚಿಗುರೊಡೆಯಿತು. ಅವಳ ಪಾದಕ್ಕೂ ಬಣ್ಣ ಮರಳಿತು.

"ನೋಡಮ್ಮ ಜಾಹ್ನವಿ," ಎಂದರು ಅತ್ತೆ, "ನಿನ್ನ ಮಾತು ಕೇಳಿ ನೀರು ನಿಲ್ಸಿದ್ರೆ ಇದು ಉಳೀತಿತ್ತಾ?"

ಅವರ ಬೆನ್ನ ಹಿಂದೆ ಅವಳು, ಅತ್ತೆಯ ಮಾತೇ ಸರಿ ಎಂಬಂತೆ, ಹೌದೌದೆಂದು ತಲೆಯಾಡಿಸಿದಳು.

ಚೊಂಬು ಮತ್ತೆ ಬಂತು. ಅರಿಶಿನದ ನೀರು ಈಗ ನಿಲ್ಲದೆ ನಡುವಿನ ತಡಿಕೆಯ ಕೆಳಗಿನಿಂದ ಪಕ್ಕದ ಒಗಾವಾ-ಸಾನ್ ಅವರ ಬಾಲ್ಕನಿಗೆ ಹೋಗಿ, ಅಲ್ಲಿಟ್ಟ ಬಿಳಿ ಚಪ್ಪಲಿಯನ್ನು ಹಳದಿ ಮಾಡುತ್ತದೆ. ನಿನ್ನೆ ಮೂರನೇ ಜೋಡಿ. ಹೊಸದನ್ನು ಹಿಡಿದು ಅವರ ಬಾಗಿಲಲ್ಲಿ ಸುಮಿಮಾಸೆನ್, ಕ್ಷಮಿಸಿ, ಎಂದು ಬಗ್ಗಿ ನಿಂತಾಗ, ಅತ್ತೆಯೊಬ್ಬರೇ ಇದ್ದ ನಮ್ಮ ಬಾಲ್ಕನಿಯಿಂದ ಇಬ್ಬರು ಹೆಂಗಸರ ದನಿ ಕೇಳುತ್ತಿತ್ತು. ಇಬ್ಬರೂ ಸಹಸ್ರನಾಮ ಹೇಳುತ್ತಿದ್ದರು.