ಹಳದಿ ನಕ್ಷತ್ರಕ್ಕೆ ಎರಡು ಸುತ್ತು ಹೊಲಿಗೆ

ನಾಟಕದ ಸೆಲ್ಯೂಟಿಗೆ ಬಲಗೈ ಎತ್ತಿದಾಗೆಲ್ಲ ಅಧಿಕಾರಿ ಪಾತ್ರದ ದುರುಗೇಶನ ಖಾಕಿ ಅಂಗಿ ಕಂಕುಳ ಹತ್ತಿರ ಸುಕ್ಕುಗಟ್ಟುತ್ತಿದೆ, ಅಲ್ಲಿ ಇನ್ನೊಂದಿಷ್ಟು ಬಟ್ಟೆ ಬಿಡಬೇಕಿತ್ತು, ಅಳತೆ ಕೊಡುವಾಗ ಹುಡುಗ ನೆಟ್ಟಗೆ ನಿಂತಿದ್ದರಲ್ಲವೇ, ಮೊಬೈಲು ನೋಡುತ್ತ ಕುಣಿಯುತ್ತಲೇ ಇದ್ದ — ಅಂಗಿ ಹೊಲಿದ ಶಾಕೀರ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ಸುಕ್ಕನ್ನೇ ನೋಡುತ್ತಿದ್ದಾಳೆ, ನೋಡಬೇಕಾದದ್ದನ್ನು ನೋಡುವ ಧೈರ್ಯವಿಲ್ಲದೆ. ನೋಡಬೇಕಾದದ್ದು ವೇದಿಕೆಯ ಮೂಲೆಯಲ್ಲಿದೆ, ಮಗಳು ಖುಷ್ನುಮಾ, ಬೂದು ಬಣ್ಣದ ಉದ್ದನೆಯ ಫ್ರಾಕು, ಎದೆಯ ಎಡಕ್ಕೆ ಅಂಗೈಯಗಲದ ಹಳದಿ ನಕ್ಷತ್ರ. ಕೊನೆಯ ದೃಶ್ಯದಲ್ಲಿ ಅದನ್ನು ಅವಳು ಕಿತ್ತು ಎಸೆಯಬೇಕು, ಎಸೆದು ಒಂದು ಮಾತು ಹೇಳಬೇಕು, ಆ ಒಂದು ಮಾತಿಗಾಗಿ ಹುಡುಗಿ ತಿಂಗಳಿಂದ ಕನ್ನಡಿಯ ಮುಂದೆ ನಿಂತಿದ್ದಾಳೆ. ನಕ್ಷತ್ರ ಕಿತ್ತು ಬರುವುದಿಲ್ಲ. ಅದು ಸದ್ಯಕ್ಕೆ ಗೊತ್ತಿರುವುದು ಹೊಲಿದವಳಿಗೆ ಮಾತ್ರ.

ಎಲ್ಲ ಎರ್ರೆಪ್ಪ ಮೇಷ್ಟ್ರ ಉತ್ಸಾಹ, ಶಾಲೆಯ ವಾರ್ಷಿಕೋತ್ಸವ ಅಂದರೆ ಪ್ರತಿ ವರ್ಷ ಅದೇ ಕುಣಿತ, ಈ ಸಲ ಇತಿಹಾಸದ ಪಾಠವನ್ನೇ ನಾಟಕ ಮಾಡೋಣ ಅಂದರಂತೆ, ಜರ್ಮನಿ, ಸರ್ವಾಧಿಕಾರಿ, ಎರಡನೇ ಮಹಾಯುದ್ಧ, ಆರು ವರ್ಷದ ಯುದ್ಧವನ್ನು ಅರ್ಧ ಗಂಟೆಗೆ ಕತ್ತರಿಸಿಟ್ಟಿದ್ದಾರೆ ಪುಣ್ಯಾತ್ಮರು, ಕೆಟ್ಟವರಲ್ಲ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಗುರುತಿಗೆ ಹಳದಿ ನಕ್ಷತ್ರ ಹಾಕಿಕೊಳ್ಳಬೇಕಾದ ಯಹೂದಿ ಹುಡುಗಿಯ ಪಾತ್ರ ಯಾರಿಗೆ ಅಂದಾಗ ಇಡೀ ತರಗತಿ ಖುಷ್ನುಮಾಳ ಕಡೆ ತಿರುಗಿತಂತೆ. ನಾನೇ ಯಾಕ್ರಿ ಸಾರ್ ಅಂದಳಂತೆ. ನಿನ್ನ ಮುಖಕ್ಕ ಒಪ್ತೈತಿ ಅಂದರಂತೆ ಮೇಷ್ಟ್ರು. ಮನೆಗೆ ಬಂದು ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು, ದೊಡ್ಡ ಪಾತ್ರ ಅಮ್ಮಿ, ಕೊನೆ ಮಾತು ನಂದೇ. ಬಸ್ ಸ್ಟ್ಯಾಂಡ್ ಪಕ್ಕ ಮೋಟಾರು ರಿಪೇರಿ ಮಾಡುವ ಅವಳಪ್ಪ ಶೇಖಾವಲಿ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ, ಬೇಡ ಅಂದ, ಇನ್ನೊಬ್ಬರು ಬಂದು ಗುರುತು ಹಾಕೋದು ಬೇರೆ, ನಾವೇ ಹೊಲಿದು ಕೊಡೋದು ಬೇರೆ ಅಂದ. ನಾಟಕಕ್ಕೆಲ್ಲ ಹೀಗೆ ಹೆದರಿದರೆ ಈ ಊರಲ್ಲಿ ಬಾಳೋದು ಹೇಗೆ ಅಂತ ಶಾಕೀರ ಅವನ ಬಾಯಿ ಮುಚ್ಚಿಸಿದಳು, ಅವಳ ಬಾಯಿಗೆ ಅವನು ಯಾವತ್ತು ಎದುರು ನಿಂತಿದ್ದಾನೆ, ಇವತ್ತೂ ಬಂದಿಲ್ಲ, ಗ್ಯಾರೇಜಿನಲ್ಲೇ ಕೂತಿದ್ದಾನೆ, ಕೂತಿರಲಿ.

ಬಟ್ಟೆಯೇನೋ ಮನೆಯಲ್ಲೇ ಇತ್ತು, ಮೈಲಾರದ ಜಾತ್ರೆಗೆ ಹೋಗುವವರಿಗೆ ಭಂಡಾರದ ಚೀಲ ಹೊಲಿದು ಉಳಿದ ಹಳದಿ ತುಂಡು. ಅದನ್ನು ಕತ್ತರಿಸುವಾಗ ಖುಷ್ನುಮಾ ಪಕ್ಕದಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದಳು, ಅಲ್ಲಿ ಅದನ್ನು ಯಹೂದಿಗಳೇ ದುಡ್ಡು ಕೊಟ್ಟು ತರಬೇಕಿತ್ತಂತೆ ಅಮ್ಮಿ, ಅವರೇ ಹೊಲಿದುಕೊಳ್ಳಬೇಕಿತ್ತಂತೆ, ಸಡಿಲ ಇದ್ದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಿದ್ದರಂತೆ. ಅಲ್ಲಿಯ ತಾಯಂದಿರೂ ಹೀಗೇ ಹಲ್ಲಿನಿಂದ ದಾರ ಕಡಿದಿರಬೇಕು ಅಂತ ಅನ್ನಿಸಿತ್ತು, ಆದರೆ ಬಾಗಿಲಲ್ಲಿ ಯಾರೋ ಬ್ಲೌಸಿಗೆ ಬಂದರು, ಅನ್ನಿಸಿದ್ದು ಅಲ್ಲೇ ಉಳಿಯಿತು. ಕಚ್ಚಾ ಹೊಲಿಗಿ ಹಾಕ್ರಿ ಸಾಕು, ಕೊನಿಗೆ ಕೀಳಬೇಕು ಅದನ್ನ, ಅಂತ ಎರ್ರೆಪ್ಪ ಮೇಷ್ಟ್ರು ಹೇಳಿ ಕಳಿಸಿದ್ದರು. ಹಾಕಿದ್ದಳು, ಉದ್ದುದ್ದ ನಾಲ್ಕು ಎಳೆ, ಜಗ್ಗಿದರೆ ಬರುವ ಹಾಗೆ. ಮೊನ್ನೆ ರಿಹರ್ಸಲ್ಲಿನಲ್ಲಿ ಅಧಿಕಾರಿ ಬಂದು ಜಗ್ಗಿ ನೋಡುವ ದೃಶ್ಯದಲ್ಲೇ ದುರುಗೇಶ ಅದನ್ನು ಕಿತ್ತು ಕೈಯಲ್ಲಿ ಹಿಡಿದು ಆಡಿಸಿದನಂತೆ, ನಿಮ್ಮವ್ವಗ ಹೊಲಿಯಾಕ ಬರಂಗಿಲ್ಲೇನ್ಲೇ ಅಂದನಂತೆ, ಹುಡುಗರೆಲ್ಲ ನಕ್ಕರಂತೆ. ಮಗಳು ಅತ್ತದ್ದು ಸುಡಲಿಲ್ಲ, ಹೊಲಿಯಲು ಬರುವುದಿಲ್ಲ ಅಂದದ್ದು ಸುಟ್ಟಿತು, ಯಾರಿಗೆ ಬರುವುದಿಲ್ಲ, ಅವನು ಹುಟ್ಟಿದಾಗ ಕುಲಾವಿ ಹೊಲಿದವಳು ಯಾರು, ಆ ಬುರುಡೆಯ ಅಳತೆ ತೆಗೆದ ಕೈ ಇದು! ಅದೇ ಸಿಟ್ಟಿನಲ್ಲಿ ಮಷೀನಿಗೆ ಕೊಟ್ಟಳು, ಸುತ್ತ ಒಂದು ಹೊಲಿಗೆ, ಅದರ ಒಳಗೆ ಮತ್ತೊಂದು, ಮೂಲೆಮೂಲೆಗೆ ಗಂಟು, ಈಗ ಜಗ್ಗು ನೋಡೋಣ ಮಗನೆ. ಕೊನೆಯ ದೃಶ್ಯ ಅನ್ನುವುದೊಂದು ಇದೆ ಅಂತ ನೆನಪಾದದ್ದು ಇವತ್ತು ಬೆಳಿಗ್ಗೆ, ಮಗಳು ಫ್ರಾಕು ತೆಗೆದುಕೊಂಡು ಹೋದ ಮೇಲೆ.

ಕತ್ತರಿ ತಂದಿದ್ದಳು. ಪರ್ಸಿನಲ್ಲಿ ಹಾಕಿಕೊಂಡು ಎರಡು ಓಣಿ ಓಡಿಕೊಂಡೇ ಬಂದಿದ್ದಳು, ಬಣ್ಣ ಹಚ್ಚುವ ಕೋಣೆಗೆ ಹೋಗಿ ನಾಲ್ಕು ಕಡೆ ದಾರ ಕತ್ತರಿಸಿದರೆ ಮುಗಿಯಿತು. ಗೇಟಿನಲ್ಲಿ ಎದೆಗೆ ರಿಬ್ಬನ್ ಸಿಕ್ಕಿಸಿಕೊಂಡ ಹುಡುಗರು ತಡೆದರು, ಬ್ಯಾಗ್ ತೋರಸ್ರಿ ಚಾಚಿ, ಇದನ್ನ ಒಳಗ ಬಿಡಂಗಿಲ್ಲ ಚಾಚಿ. ಮಗಳ ಡ್ರೆಸ್ಸಿಗೆ ಅಂದಳು, ನನ್ನ ಮಗಳೂ ನಾಟಕದಲ್ಲಿದ್ದಾಳೆ ಅಂದಳು, ಹುಡುಗರು ಮರ್ಯಾದೆಯಿಂದಲೇ ಕತ್ತರಿ ಇಸಿದುಕೊಂಡು ಮೇಜಿನ ಮೇಲಿಟ್ಟರು, ಹೋಗೋ ಮುಂದ ಒಯ್ಯಿರಿ. ಅಷ್ಟರಲ್ಲಿ ನಾಟಕ ಶುರುವಾಗಿಬಿಟ್ಟಿತ್ತು. ಅವಳ ಹಿಂದೆಯೇ ಬಂದ ತಿಪ್ಪೇರುದ್ರಮ್ಮನ ಚೀಲವನ್ನು ಯಾರೂ ಮುಟ್ಟಲಿಲ್ಲ, ಎದುರುಮನೆಯ ಆ ಮುದುಕಿ ಈಗ ಪಕ್ಕದ ಕುರ್ಚಿಯಲ್ಲಿ ಅಡಕತ್ತು ತೆಗೆದು ಕಟಕಟ ಅಡಿಕೆ ಕತ್ತರಿಸುತ್ತಿದ್ದಾಳೆ. ನಿನ್ನ ಮಗಳು ಎಷ್ಟು ಚಂದ ಕಾಣ್ತಾಳ ನೋಡೇ, ಹಳದಿ ಒಪ್ತೈತಿ ಆಕಿಗೆ, ದಿನಾ ಹಾಕ್ಕಂಡ್ ಅಡ್ಡಾಡಬೇಕು. ಹೂಂ ಅಂದಳು ಶಾಕೀರ. ಪ್ರೀತಿಯಿಂದಲೇ ಹೇಳಿದ್ದು, ಮುದುಕಿ ಯುಗಾದಿಗೆ ಹೋಳಿಗೆ ಕಳಿಸುವವಳು.

ವೇದಿಕೆಯಲ್ಲಿ ದುರುಗೇಶ ಮಗಳ ಹತ್ತಿರ ಬಂದ, ನಕ್ಷತ್ರಕ್ಕೆ ಕೈ ಹಾಕಿ ಜಗ್ಗಿದ, ಬರಲಿಲ್ಲ, ಇನ್ನೊಮ್ಮೆ ಜಗ್ಗಿದ, ಹುಡುಗಿ ಎರಡು ಹೆಜ್ಜೆ ಮುಗ್ಗರಿಸಿದಳು, ನಕ್ಷತ್ರ ಅಲ್ಲಾಡಲಿಲ್ಲ, ಶಾಕೀರಳಿಗೆ ಹೆಮ್ಮೆಯಾಯಿತು — ಅಲ್ಲಾ, ಹೆಮ್ಮೆಯೇ ಆಯಿತು, ಮಗಳು ಮುಗ್ಗರಿಸಿದ್ದಾಳೆ, ಇವಳಿಗೆ ಹೊಲಿಗೆ ನಿಂತಿತಲ್ಲ ಅಂತ ಹೆಮ್ಮೆ. ಅವನು ಕತ್ತು ಹಿಡಿದು ದಬ್ಬಿದ, ಹುಡುಗಿ ಬಿದ್ದ ಸದ್ದು ಮೈಕಿನಲ್ಲಿ ಕೇಳಿಸಿತು, ಅಷ್ಟು ಜೋರಾಗಿ ದಬ್ಬುವುದು ನಾಟಕದಲ್ಲಿತ್ತೇ, ಹಿಂದಿನ ಸಾಲುಗಳಿಂದ ಸಿಳ್ಳೆ ಬಂತು, ಮುಂದಿನ ಸೋಫಾಗಳಲ್ಲಿ ಕೂತವರು ಚಪ್ಪಾಳೆ ಹೊಡೆದರು, ಯಾರಿಗೆ ಹೊಡೆದರು, ದಬ್ಬಿದವನಿಗೋ ಬಿದ್ದವಳಿಗೋ, ಎದ್ದೇಳು ಬೇಟಾ, ಮೊಣಕಾಲು ಒರೆಸಿಕೋ. ಡೋಲು ಬಡಿಯಿತು, ಪಟಾಕಿ ಹಾರಿತು, ಖಾಕಿಯವರೆಲ್ಲ ಒಬ್ಬೊಬ್ಬರಾಗಿ ಸತ್ತು ಬಿದ್ದರು, ದುರುಗೇಶನೂ ಬಿದ್ದ, ಬೀಳುವಾಗ ಕ್ರಾಪು ಸರಿಮಾಡಿಕೊಂಡ. ಯುದ್ಧ ಮುಗಿಯಿತು ಅಂತ ಎರ್ರೆಪ್ಪ ಮೇಷ್ಟ್ರು ಮೈಕಿನಲ್ಲಿ ಓದಿದರು.

ಖುಷ್ನುಮಾ ಮುಂದೆ ಬಂದಳು. ನಾನೂ ಈ ಊರಿನವಳೇ — ಅದು ಅವಳ ಮಾತು, ನಕ್ಷತ್ರ ಕಿತ್ತ ಮೇಲೆ ಹೇಳಬೇಕಾದದ್ದು, ಮಾತು ಆಗಲೇ ಅವಳ ತುಟಿಯಲ್ಲಿ ಕೂತಿದೆ, ತಾಯಿಗೆ ಕಾಣುತ್ತಿದೆ. ಎಡಗೈಯಲ್ಲಿ ಫ್ರಾಕು ಹಿಡಿದಳು, ಬಲಗೈಯಲ್ಲಿ ಜಗ್ಗಿದಳು. ಇನ್ನೊಮ್ಮೆ ಜಗ್ಗಿದಳು. ಉಗುರು ಹಾಕಿ ಅಂಚು ಕೆರೆದಳು, ಹೇಳಿಬಿಡು ಬೇಟಾ, ಕೀಳದಿದ್ದರೂ ಹೇಳಿಬಿಡು, ಯಾರು ಕೇಳುತ್ತಾರೆ, ಆದರೆ ಅವಳು ಮೇಷ್ಟ್ರು ಕಲಿಸಿದ್ದನ್ನು ಒಂದಕ್ಷರ ಬಿಡದೆ ಮಾಡುವ ಹುಡುಗಿ, ಕೀಳದೆ ಹೇಳಲಾರಳು, ಬಗ್ಗಿ ಹಲ್ಲು ಹಾಕಲು ನೋಡಿದಳು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸತ್ತು ಬಿದ್ದಿದ್ದ ದುರುಗೇಶ ತಲೆ ಎತ್ತಿದ, ಅವನ ಪಕ್ಕದಲ್ಲೇ ಮೈಕು. ಬಿಡು, ಅದು ಬರಂಗಿಲ್ಲ, ನಿಮ್ಮವ್ವ ಗಟ್ಟಿ ಹೊಲದಾಳ. ಇಡೀ ಶಾಮಿಯಾನ ನಕ್ಕಿತು, ತಿಪ್ಪೇರುದ್ರಮ್ಮ ಅಡಿಕೆ ಉಗುಳಿ ನಕ್ಕಳು, ಸತ್ತವರೆಲ್ಲ ಎದ್ದು ಕೂತು ನಕ್ಕರು.

ಎರ್ರೆಪ್ಪ ಮೇಷ್ಟ್ರು ಮೈಕು ಹಿಡಿದು ಓಡಿ ಬಂದರು, ನಾಟಕ ಉಳಿಸಬೇಕಲ್ಲ ಪಾಪ. ಈ ಎಲ್ಲಾ ಡ್ರೆಸ್ ಹೊಲಿದು ಕೊಟ್ಟೋರು ನಮ್ಮ ಶಾಕೀರಮ್ಮನೋರು, ಎದ್ದು ನಿಂದರ್ರಿ ಶಾಕೀರಮ್ಮ, ಎಲ್ಲಾರೂ ಒಂದು ಚಪ್ಪಾಳಿ ಹೊಡೀರಿ. ತಿಪ್ಪೇರುದ್ರಮ್ಮ ರಟ್ಟೆ ಹಿಡಿದು ಎಬ್ಬಿಸಿದಳು. ನಿಂತಳು. ತಲೆಗಳೆಲ್ಲ ತಿರುಗಿದವು, ಮೊಬೈಲುಗಳು ತಿರುಗಿದವು, ಚಪ್ಪಾಳೆ ಬಿತ್ತು, ಇಷ್ಟು ವರ್ಷ ಈ ಊರಿನ ಮೈ ಮುಚ್ಚಿದವಳಿಗೆ ಮೊದಲ ಸಲ, ಗಿರಾಕಿ ಹೊಗಳಿದಾಗ ಏಳುವ ಹಾಗೆ ಕೈ ತಾನಾಗಿ ಎದ್ದು ಹಣೆಗೆ ಹೋಯಿತು, ಸಲಾಂ, ಮುಖ ನಕ್ಕಿತು. ವೇದಿಕೆಯ ಮೇಲೆ ಖುಷ್ನುಮಾ ಕೆರೆಯುವುದನ್ನು ನಿಲ್ಲಿಸಿದಳು. ಅಮ್ಮಿಯನ್ನು ನೋಡಿದಳು. ಕೈ ಇಳಿಸಬೇಕು, ಮಗಳು ನೋಡುತ್ತಿದ್ದಾಳೆ, ನಗು ನಿಲ್ಲಿಸಬೇಕು, ಚಪ್ಪಾಳೆ ನಿಂತರೆ ಇಳಿಸುತ್ತೇನೆ ಬೇಟಾ, ಎಲ್ಲರೂ ನೋಡುತ್ತಿರುವಾಗ ಹೇಗೆ ಇಳಿಸುವುದು, ಪರದೆಯ ಹಗ್ಗ ಎಳೆಯುತ್ತಿದ್ದಾರೆ, ಅವಳ ಮಾತು ಇನ್ನೂ ಆಗಿಲ್ಲ, ತುಟಿ ಮುಚ್ಚಿಕೊಂಡಿದೆ, ನೋಡುತ್ತಿದ್ದಾಳೆ, ಹಣೆಯ ಮೇಲಿನ ಕೈಯನ್ನು, ಚಪ್ಪಾಳೆ ಇನ್ನೂ ಜೋರಾಯಿತು — ಕೈ ಹಣೆಯ ಮೇಲೆ — ಮಗಳು ನೋಡುತ್ತಿದ್ದಾಳೆ — ಕೈ ಹಣೆಯ ಮೇಲೆ