ಎವೆಲಿಯೊ ಮೇಷ್ಟ್ರ ಹೊಸ ಶಿಷ್ಯ

ನಮ್ಮೂರು ಹೊಲ್ಗಿನ್‌ನ ಚೆಸ್ ಕ್ಲಬ್ಬಿನಲ್ಲಿ ಮಕ್ಕಳಿಗೆ ಕಲಿಸುವ ಎವೆಲಿಯೊ ಮೇಷ್ಟ್ರನ್ನು ವಿಶ್ವವಿದ್ಯಾಲಯಕ್ಕೆ ಕರೆತಂದದ್ದು ನಾನೇ. ಕಂಪ್ಯೂಟರಿಗೆ ಮನುಷ್ಯರಂತೆ ಚೆಸ್ ಕಲಿಸುವುದು ನನ್ನ ಸಂಶೋಧನೆ. ಲಕ್ಷಾಂತರ ಆಟಗಳನ್ನು ತುರುಕುವುದಿಲ್ಲ. ಒಬ್ಬ ಗುರುವಿನ ಎದುರು ಆಡಿ, ಗೆಲ್ಲಿಸಿದ ನಡೆಯನ್ನು ಅದು ಉಳಿಸಿಕೊಳ್ಳಬೇಕು, ಸೋಲಿಸಿದ್ದನ್ನು ಬಿಡಬೇಕು. ಶುಕ್ರವಾರ ವಿಭಾಗದ ಮುಖ್ಯಸ್ಥೆ ನಿಯುರ್ಕಾ ಅದರೊಡನೆ ಆಡುವವರಿದ್ದರು. ಚೆಸ್ಸಿನಲ್ಲಿ ಅವರು ಅಷ್ಟಕ್ಕಷ್ಟೇ. ಅವರ ಎದುರೂ ಚೆನ್ನಾಗಿ ಆಡದಿದ್ದರೆ, ಹವಾನಾದಿಂದ ಕಾಡಿಬೇಡಿ ತರಿಸಿದ್ದ ಆ ಕಂಪ್ಯೂಟರ್ ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತಿತ್ತು. ನನ್ನ ಸಂಶೋಧನೆ ಅಲ್ಲಿಗೆ ಮುಗಿಯುತ್ತಿತ್ತು.

ಮೇಷ್ಟ್ರು ಕೆಲವು ದಿನ ಅದರೊಡನೆ ಆಡಿ ಕಲಿಸಿದ ಮೇಲೆ, ಬುಧವಾರ ನಾನೇ ಆಡಿ ಪರೀಕ್ಷಿಸಿದೆ. ಆಟ ಶುರುವಾದ ಕೂಡಲೇ ಯಂತ್ರ ತನ್ನ ರಾಣಿಯನ್ನು ತಂದು ನನ್ನ ಕಾಲಾಳಿನ ಬಾಯಿಗೆ ಕೊಟ್ಟಿತು. ಮತ್ತೆ ಆಡಿಸಿದರೆ ಮತ್ತದೇ. ಪ್ರೋಗ್ರಾಮನ್ನು ಸಾಲುಸಾಲಾಗಿ ಜಾಲಾಡಿದೆ. ತಪ್ಪು ಸಿಗಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಆಡುವುದನ್ನು ಹಿಂದೆ ನಿಂತು ನೋಡಿದೆ. ರಾಣಿ ಬಂತು. ಅವರು ಗಲ್ಲ ಕೆರೆದುಕೊಂಡು, ಅದನ್ನು ಹೊಡೆಯದೆ ಮೂಲೆಯ ಆನೆಯನ್ನು ಸುಮ್ಮನೆ ಸರಿಸಿದರು. ಸ್ವಲ್ಪ ಹೊತ್ತಿಗೆ ಸೋತು, ಪರದೆಗೆ ಭೇಷ್ ಅಂದರು.

ಯಾಕೆ ಹೊಡೆಯಲಿಲ್ಲ ಎಂದು ಕೇಳಿದ್ದಕ್ಕೆ, ಶುರುವಿನಲ್ಲೇ ಸೋಲಿಸಿದರೆ ಮಗು ಮರುದಿನ ಕ್ಲಬ್ಬಿಗೆ ಬರುವುದಿಲ್ಲ, ಮೊದಮೊದಲು ಗೆಲ್ಲಿಸಬೇಕು, ಕ್ಲಬ್ಬಿನಲ್ಲಿ ಎಲ್ಲ ಮಕ್ಕಳಿಗೂ ಹಾಗೇ ಎಂದರು.

"ಇದು ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ? ಗೋಡೆಗೆ ಪ್ಲಗ್ ಹಾಕಿದೀನಿ."

"ಮಕ್ಕಳಿಗೆ ಕಲಿಸೋ ಹಾಗೆ ಕಲಿಸಿ ಅಂದೋಳು ನೀನೇ ಅಲ್ವೇನಮ್ಮ?"

ಚಿಕ್ಕವಳಿದ್ದಾಗ ನಾನು ಎವೆಲಿಯೊ ಮೇಷ್ಟ್ರನ್ನು ಸೋಲಿಸಿದ್ದನ್ನು ಅಮ್ಮ ಈಗಲೂ ಮನೆಗೆ ಬಂದವರಿಗೆಲ್ಲ ಕಾಫಿ ಕೊಡುತ್ತಾ ಹೇಳುತ್ತಾಳೆ.

"ನನಗೂ ಹಾಗೇ ಮಾಡಿದ್ರಾ?"

ಅವರು ಕನ್ನಡಕ ಒರೆಸತೊಡಗಿದರು.

ಗುರುವಾರ ಬಿಗಿಯಾಗಿ ಆಡುತ್ತೇನೆಂದು ಮಾತು ಕೊಟ್ಟರು. ಮುಕ್ಕಾಲು ದಿನ ಕರೆಂಟೇ ಇರಲಿಲ್ಲ. ಬಂದ ಮೇಲೆ ರಾಣಿಯನ್ನು ಹೊಡೆದರು, ಹಿಂದೆಯೇ ಎರಡೂ ಆನೆಗಳನ್ನು ಬಿಟ್ಟುಕೊಟ್ಟರು. ಪಾಪ ಅನ್ನಿಸಿತಂತೆ.

ಶುಕ್ರವಾರ ನಿಯುರ್ಕಾ ಎದುರು ಬಂದ ರಾಣಿಯನ್ನು ನೋಡಿ, ಇದೇನಾದರೂ ಬಲೆಯೇ ಎಂದು ಬಹಳ ಹೊತ್ತು ಯೋಚಿಸಿದರು. ಬಲೆಯಾಗಿರಲಿಲ್ಲ. ಗೆದ್ದ ಮೇಲೆ ನನ್ನ ಮುಖ ನೋಡಿದರು. ಅಲ್ಲೇ ಕೂತಿದ್ದ ಮೇಷ್ಟ್ರ ಎದುರೇ, ಇವರು ಬೇಕೆಂದೇ ಸೋತು ಸೋತು ಇದನ್ನು ಕೆಡಿಸಿದ್ದಾರೆ ಎಂದು ಹೇಳಿದೆ.

"ಅಂದ್ರೆ ಕಲಿಸಿದ್ದನ್ನ ಕಲಿತಿದೆ," ಅಂದರು ನಿಯುರ್ಕಾ. "ಯಂತ್ರ ಇರಲಿ. ಮೇಷ್ಟ್ರು ಬೇಡ."

ಮೇಷ್ಟ್ರು ಟೋಪಿ ತೆಗೆದುಕೊಂಡು, ನಾಳೆಯಿಂದ ಯಾರು ಕಲಿಸುತ್ತಾರೆ ಎಂದು ಕೇಳಿದರು. ನಾನೇ ಅಂದೆ.

"ತುಂಬಾ ಹೊಡೀಬೇಡಮ್ಮ," ಅಂದರು.

ಅವರು ಹೋದ ಮೇಲೆ ಯಂತ್ರ ಕಲಿತದ್ದನ್ನೆಲ್ಲ ಅಳಿಸಿ ಹೊಸ ಆಟ ಶುರುಮಾಡಿದೆ. ಅದರ ರಾಣಿ ಹೊರಬಂದ ಕೂಡಲೇ ಹೊಡೆದೆ.